ಪೆಟ್ಟಿಗೆಯೊಳಗಿನ ಆರನೆಯ ಕತ್ತಿ

“ಎರಡೂ ಕೈ ಹಿಡಿಕಿಗೇ ಕೊಟ್ಟ ಮ್ಯಾಲ ಢಾಲು ಎದರಾಗ ಹಿಡೀತಾರಲೇ, ಹಲ್ಲಾಗೇನು?”

ಮುದಕಪ್ಪ ಕಂಬಾರ ಚಿತ್ರದ ಕಾಗದವನ್ನು ಮಗನ ಊಟದ ಗಂಗಾಳದ ಪಕ್ಕಕ್ಕೆ ಒಗೆದ. ಕಾಗದದ ಮೇಲೆ ಒಂದು ನೆಟ್ಟನೆಯ ಕತ್ತಿಯ ಚಿತ್ರವಿತ್ತು. ಎರಡೂ ಕಡೆ ಅಲಗು, ಅಲಗಿನ ಬುಡದಲ್ಲಿ ಅಡ್ಡಪಟ್ಟಿ, ಅದರಾಚೆ ಗೇಣಿಗಿಂತ ಉದ್ದದ ಹಿಡಿಕೆ. ನೂರಾರು ವರ್ಷಗಳ ಹಿಂದೆ ಯುರೋಪಿನ ಸರದಾರರು ಹಿಡಿಯುತ್ತಿದ್ದದ್ದಂತೆ. ಅಂಥವೇ ಆರು ಹೊಸದಾಗಿ ಮಾಡಿಸಿಕೊಡು ಎಂದು ಮುಂಬಯಿಯ ಪಾರ್ಸಿ ಸಾಹೇಬನೊಬ್ಬ ಬನಹಟ್ಟಿಯ ಸೀರೆ ವ್ಯಾಪಾರಿ ಶಿದ್ರಾಮಪ್ಪನಿಗೆ ಹೇಳಿದ್ದ. ಶಿದ್ರಾಮಪ್ಪ ಜಮಖಂಡಿಗೆ ಬಂದಾಗ ಲಗಮಣ್ಣನಿಗೆ ಹೇಳಿದ. ಲಗಮಣ್ಣ ಈಗ ಅಪ್ಪನಿಗೆ ಹೇಳುತ್ತಿದ್ದ.

“ಅವರಿಗೆ ಢಾಲು ಬೇಕಾಗಿಲ್ಲಪಾ. ಮತ್ತ, ಹರಿತಾನೂ ಇರಬಾರದಂತ. ಹರಿತ ಇದ್ದರ ಪರವಾನಗಿ, ಪೊಲೀಸರು, ಇಲ್ಲದ ತ್ರಾಸು.”

“ಹರಿತಿಲ್ಲದ ಕತ್ತಿ ತಗೊಂಡು ಏನ ಮಾಡ್ತಾರ?”

“ಗ್ವಾಡಿಗೆ ತೂಗಹಾಕ್ತಾರ. ಶ್ರೀಮಂತರ ಚೈನಿ.”

ಇದು ಅರ್ಧ ಸುಳ್ಳು. ಉಳಿದರ್ಧವನ್ನು ಲಗಮಣ್ಣ ಹೆಂಡತಿ ರುಕ್ಮವ್ವನಿಗೆ ಮಾತ್ರ ಹೇಳಿದ್ದ. ಆ ಸಾಹೇಬ ಮತ್ತು ಅವನ ಗೆಳೆಯರು ಪ್ರತಿ ರವಿವಾರ ಕೂಡಿ, ಹತ್ತಿ ತುಂಬಿದ ದಪ್ಪ ಅಂಗಿ ತೊಟ್ಟು, ಹಳೆಯ ಕಾಲದವರ ಹಾಗೆ ಕತ್ತಿವರಸೆ ಆಡುತ್ತಾರಂತೆ. ಒಬ್ಬರನ್ನೊಬ್ಬರು ಹೊಡೆಯುತ್ತಾರೆ, ಹೊಡೆತ ತಪ್ಪಿಸಿಕೊಳ್ಳುತ್ತಾರೆ, ಆಮೇಲೆ ಕೂಡಿ ಚಹಾ ಕುಡಿಯುತ್ತಾರೆ. “ಅಪ್ಪನ ಮುಂದ ಹೇಳಬ್ಯಾಡ. ಆಟದ ಸಾಮಾನು ಅಂತ ತಿಳಿದರ ಇಕ್ಕಳಾ ಮುಟ್ಟಂಗಿಲ್ಲ ಅಂವ,” ಎಂದಿದ್ದ. ರುಕ್ಮವ್ವ ಹ್ಞೂಂ ಎಂದಿದ್ದಳು. ಗಂಡಸರ ಗುಟ್ಟನ್ನು ಮಡಿಲಲ್ಲಿ ಕಟ್ಟಿಕೊಂಡು ತಿರುಗುವುದು ಸೊಸೆಯಂದಿರಿಗೆ ಹೊಸದಲ್ಲವಷ್ಟೆ.

ಮುದಕಪ್ಪನಿಗೆ ಒಲ್ಲೆ ಎನ್ನುವ ಬಾಯಿ ಇತ್ತೇ ಹೊರತು ಮನಸ್ಸಿರಲಿಲ್ಲ. ಜಮಖಂಡಿ ಸಂಸ್ಥಾನವಿದ್ದಾಗ ಅರಮನೆಯ ಕತ್ತಿಗಳ ಕೆಲಸವೆಲ್ಲ ಅವನದೇ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂತು, ಕತ್ತಿಗಳು ಕೋಣೆ ಸೇರಿ ಕೀಲಿ ಬಿತ್ತು. ಅಂದಿನಿಂದ ಅವನು ಕುಡುಗೋಲು, ನೇಗಿಲ ಕುಳ, ಗಾಡಿಯ ಹಳಿ ಬಡಿದು, ಸುಗ್ಗಿಯಲ್ಲಿ ಒಕ್ಕಲಿಗರು ಅಳೆದು ಕೊಡುವ ಆಯದ ಜೋಳ ತಂದು ಮನೆ ನಡೆಸುತ್ತಿದ್ದ. ಹೊಟ್ಟೆ ತುಂಬುತ್ತಿತ್ತು, ಕೈ ತುಂಬುತ್ತಿರಲಿಲ್ಲ. ಸಾಯುವುದರೊಳಗೆ ಇನ್ನೊಮ್ಮೆ ಕತ್ತಿ ಮಾಡಬೇಕೆಂದು ಅವನ ಜೀವ ತಹತಹಿಸುತ್ತಿತ್ತು.

“ಇನ್ನೊಂದು ರೊಟ್ಟಿ ಹಾಕು,” ಎಂದು ಹೆಂಡತಿಗೆ ಹೇಳಿದ. ಅದೇ ಒಪ್ಪಿಗೆ ಎಂದು ಸಾತವ್ವ ತಿಳಿದುಕೊಂಡಳು.

ಲಾರಿಯ ಹಳೆಯ ಕಮಾನಿನ ಉಕ್ಕಿನ ಪಾಟಾಗಳನ್ನು ಲಗಮಣ್ಣ ಲೋಕಾಪುರದಿಂದ ತಂದ. ಅಪ್ಪ ಇಕ್ಕಳ ಹಿಡಿದ, ಮಗ ದೊಡ್ಡ ಸುತ್ತಿಗೆ ಎತ್ತಿದ, ತಿದಿ ಊದುವುದು ರುಕ್ಮವ್ವನ ಪಾಲಿಗೆ ಬಂತು. ಅವಳು ರಬಕವಿಯ ಕಂಬಾರರ ಮಗಳು. ತವರಿನಲ್ಲಿ ಮಗ್ಗದ ಲಾಳಿಗೆ ಮೊನೆ ಮಾಡುವ ಕುಲುಮೆಯ ಮುಂದೆ ಬೆಳೆದವಳು. ಕಬ್ಬಿಣ ಯಾವಾಗ ಕೆಂಪಾಗುತ್ತದೆ, ಯಾವಾಗ ಹಳದಿಗೆ ತಿರುಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಮಾವನ ಮುಂದೆ ಸೊಸೆ ಬಾಯಿಬಿಟ್ಟು ಮಾತನಾಡಬಾರದು, ಅವನು ಕುಳಿತಲ್ಲಿ ಅವಳು ಕುಳಿತುಕೊಳ್ಳಬಾರದು. ಹಾಗಾಗಿ ಅವಳು ತಿದಿಯ ಜೊತೆ ಮಾತನಾಡುತ್ತಿದ್ದಳು.

“ಯಾಕೋ ತಿದಿಯೇ, ತುದಿ ಸುಡಾಕತ್ತೈತಿ ಅಂತ ಯಾರರೆ ನೋಡಬಾರದೇನು?”

ಮುದಕಪ್ಪ ತಿದಿಗೇ ಉತ್ತರ ಕೊಡುತ್ತಿದ್ದ. “ತಿದಿಗೆ ಹೇಳು, ನನಗ ಕಣ್ಣ ಅದಾವ.” ಆದರೂ ಕಬ್ಬಿಣವನ್ನು ಬೆಂಕಿಯಿಂದ ತೆಗೆಯುತ್ತಿದ್ದ.

ಮೊದಲನೆಯದಕ್ಕೆ, ಕಾದ ಕುಡುಗೋಲಿಗೆ ಕುಡಿಸುವ ಹಾಗೆ, ನೀರು ಕುಡಿಸಿದ. ಕಲ್ಲಿಗೆ ಬಡಿದು ನೋಡಿದರೆ ನಡುವೆ ಮುರಿದು ಎರಡಾಯಿತು. ಅಂದು ಅವನು ಊಟ ಮಾಡಲಿಲ್ಲ. ಮರುದಿನದಿಂದ ಎಣ್ಣೆಯಲ್ಲಿ ಅದ್ದಿ ತಣಿಸತೊಡಗಿದ. ಎರಡನೆಯದು ಬಿಲ್ಲಿನ ಹಾಗೆ ಬಾಗಿ ನೆಟ್ಟಗಾದಾಗ ಮುದುಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತ. ಢಾಲಿನ ಮಾತನ್ನು ಆಮೇಲೆ ಎತ್ತಲಿಲ್ಲ. ಸಾತವ್ವ ಮುರಿದ ತುಂಡನ್ನು ಒಲೆಯ ಕೊಳ್ಳಿ ಸರಿಸುವುದಕ್ಕೆ ಇಟ್ಟುಕೊಂಡಳು.

ಆರೂ ಮುಗಿಯುವ ಹೊತ್ತಿಗೆ ಭಾದ್ರಪದ ಬಂದಿತ್ತು. ಕಡೆಯದಕ್ಕೆ ತೊಗಲಿನ ಹಿಡಿಕೆ ಸುತ್ತಿದ ದಿನ, ಊಟಕ್ಕೆ ಕುಳಿತಾಗ ಮುದಕಪ್ಪ ಕೇಳಿದ.

“ಮತ್ತ, ಕಾಯಿ ಯಾವತ್ತು ಕಡಿಯೋದು?”

ಇದು ಆ ಮನೆಯ ಪದ್ಧತಿ. ಅವರ ಕುಲುಮೆಯಲ್ಲಿ ಹುಟ್ಟಿದ ಕತ್ತಿ ಹೊಸ್ತಿಲು ದಾಟುವ ಮುಂಚೆ ಒಂದು ಬೂದುಗುಂಬಳವನ್ನು ಒಂದೇ ಹೊಡೆತಕ್ಕೆ ಎರಡು ಮಾಡಬೇಕು. ಏನನ್ನೂ ಕಡಿಯದೆ ಹೋದ ಕತ್ತಿ ಮಾಡಿದವನ ಮನೆಯನ್ನೇ ಉಣ್ಣುತ್ತದೆ ಎಂದು ಅವನಪ್ಪ ಹೇಳಿದ್ದ, ಅವನಪ್ಪನಿಗೆ ಅವನಪ್ಪ.

ಲಗಮಣ್ಣ ನಕ್ಕ. “ಹರಿತ ಇಲ್ಲದ್ದು ಕಾಯಿ ಹ್ಯಾಂಗ ಕಡೀತೈತಿ? ಜಜ್ಜತೈತಿ ಅಷ್ಟ. ಆ ಪದ್ಧತಿ ಸಂಸ್ಥಾನದ ಜೋಡೀನ ಹೋತು ಬಿಡು.”

“ಸಂಸ್ಥಾನ ಅವರದು. ಪದ್ಧತಿ ನಮ್ಮದು.”

“ಅದಕ್ಕಂತ ಸಾಣಿ ಹಿಡೀತಿಯೇನು? ಮಾಲು ಹೊಳ್ಳಿ ಬರ್ತೈತಿ ನೋಡು. ನನ್ನ ಮಾತು ಹೋಗ್ತೈತಿ.”

“ನಿನ್ನ ಮಾತು! ಮೂರ ದಿನದ್ದು ನಿನ್ನ ಮಾತು,” ಎಂದು ಮುದಕಪ್ಪ ಮಜ್ಜಿಗೆ ಕುಡಿಯದೆ ಎದ್ದ.

ಮೂರನೆಯ ದಿನ ಲಗಮಣ್ಣ ಆರೂ ಕತ್ತಿಗಳಿಗೆ ಎಣ್ಣೆ ಸವರಿ, ಗೋಣಿತಾಟಿನಲ್ಲಿ ಸುತ್ತಿ, ಬೇವಿನ ಹಲಗೆಯ ಪೆಟ್ಟಿಗೆಯಲ್ಲಿಟ್ಟು ಮೊಳೆ ಬಡಿದ. ಬಸ್ಸಿನ ಮೇಲೆ ಹಾಕಿಸಿ ಬನಹಟ್ಟಿಗೆ ಮುಟ್ಟಿಸಿ ಬಂದ. ಕುಡಚಿಯ ರೈಲಿಗೆ ದಸರೆಯ ಸೀರೆಗಳ ಗಂಟು ಹೋಗುವಾಗ ಪೆಟ್ಟಿಗೆಯೂ ಹೋಗುತ್ತದೆ ಎಂದು ಶಿದ್ರಾಮಪ್ಪ ಹೇಳಿದನಂತೆ. ಮುದಕಪ್ಪ ಏನೂ ಅನ್ನಲಿಲ್ಲ. ಇಷ್ಟು ಸುಮ್ಮನಿರುವ ಮನುಷ್ಯನಲ್ಲವಲ್ಲ ಎಂದು ಮನೆಯವರಿಗೆ ಆಗಲೇ ಅನುಮಾನ ಬರಬೇಕಿತ್ತು.

ಬಂದದ್ದು ರುಕ್ಮವ್ವನಿಗೆ. ಕುಲುಮೆಯ ಮಾಳಿಗೆಯ ಮೇಲೆ ಅವಳೇ ಹಬ್ಬಿಸಿದ ಬಳ್ಳಿಯಲ್ಲಿ ಒಂದು ಬೂದುಗುಂಬಳ ಬಲಿತಿತ್ತು. ಈಗ ಅಲ್ಲಿ ತೊಟ್ಟು ಮಾತ್ರ ಉಳಿದಿತ್ತು.

“ಮಂಗ್ಯಾ ಒಯ್ದಿರಬೇಕು,” ಎಂದಳು ಸಾತವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

“ಮಂಗ್ಯಾ ತೊಟ್ಟು ಕೊಯ್ದು ಒಯ್ತೈತೇನತ್ತಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಪಡಸಾಲೆಯಲ್ಲಿ ಕುಳಿತಿದ್ದ ಮುದಕಪ್ಪ ಹೆಗಲು ಮುಟ್ಟಲಿಲ್ಲ, ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ಅದಕ್ಕೆ ಸುತ್ತಿದ್ದ ಬಟ್ಟೆಯ ಚಿಂದಿ ರುಕ್ಮವ್ವನ ಕಣ್ಣಿಗೆ ಬಿತ್ತು. ಸೆಗಣಿ ಚೆಲ್ಲಲು ತಿಪ್ಪೆಗೆ ಹೋದರೆ ಕಾಯಿಯ ಎರಡು ಹೋಳು ಅಲ್ಲಿ ಬಿದ್ದಿದ್ದವು. ಕಡಿದ ಮೈ ಗಾಜಿನ ಹಾಗೆ ನುಣ್ಣಗಿತ್ತು. ಒಂದು ಬೀಜ ಕೂಡ ಜಜ್ಜಿರಲಿಲ್ಲ.

ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದು ಅತ್ತೆಯ ಮುಂದೆ ಕುಕ್ಕರಿಸಿದಳು. “ಅತ್ತೀ, ಖರೆ ಹೇಳ್ರಿ. ಎಷ್ಟಕ್ಕ ಸಾಣಿ ಹಿಡದಾರ?”

ಸಾತವ್ವ ಹಿಟ್ಟಿನ ಕೈಯನ್ನು ತೊಡೆಗೆ ಒರೆಸಿಕೊಂಡಳು. “ಒಂದಕ್ಕ. ಕಡೀದಕ್ಕ. ತುದಿ ಕಡೆ ಗೇಣುದ್ದ. ಆರರ ಪರವಾಗಿ ಒಂದಾದರೂ ಕಡೀಲಿ ಅಂದರು. ಕಾಯಿ ನಾನ ಇಟ್ಟ ಕೊಟ್ಟೆ. ಗ್ವಾಡಿಗೆ ತೂಗಹಾಕೋದಕ್ಕ ಹರಿತ ಇದ್ದರೇನು, ಇರದಿದ್ದರೇನು?”

“ಗ್ವಾಡಿಗಲ್ಲತ್ತಿ! ಅವರು ಅದನ್ನ ಹಿಡದು ಒಬ್ಬರನ್ನೊಬ್ಬರು ಹೊಡೀತಾರ. ಆಟ ಆಡ್ತಾರ!”

“ಆಟ? ಕತ್ತೀಲೆ?” ಸಾತವ್ವನಿಗೆ ಅದು ತಿಳಿಯಲೇ ಇಲ್ಲ. ಮೂರು ಸಲ ಹೇಳಿಸಿಕೊಂಡಳು. ತಿಳಿದ ಮೇಲೆ ಹಣೆ ಬಡಿದುಕೊಂಡಳು. ಬೆಂಕಿಯ ಮುಂದೆ ಜೀವ ತೇದವರಿಗೆ, ಕತ್ತಿಯನ್ನು ಆಟಕ್ಕೆ ಕೊಳ್ಳುವ ದೊಡ್ಡವರು ಲೋಕದಲ್ಲಿ ಇದ್ದಾರೆಂದು ಹೇಗೆ ಹೊಳೆಯಬೇಕು?

ಅಂದಿನ ಊಟದಲ್ಲಿ ಮಾತು ಹೊರಬಿತ್ತು. ಪುಂಡಿಪಲ್ಯದ ಗಂಗಾಳಗಳು ಅರ್ಧಕ್ಕೇ ನಿಂತವು.

“ಏನಪಾ, ಸಾಣಿ ಹಿಡಿದಿಯೇನು? ಬ್ಯಾಡಂದರೂ?” ಲಗಮಣ್ಣ ಕೂಗಿದ.

“ಏನಲೇ, ಆಟಕ್ಕ ಮಾಡಿಸಿದಿಯೇನು? ಗ್ವಾಡಿಗೆ ಅಂತ ಹೇಳಿ?” ಮುದಕಪ್ಪ ಅದಕ್ಕಿಂತ ಜೋರಾಗಿ ಕೂಗಿದ.

“ಆಟಕ್ಕ ಅಂದಿದ್ದರ ಮಾಡ್ತಿದ್ದೇನು?”

“ಮಾಡ್ತಿದ್ದಿಲ್ಲ!”

“ಅದಕ್ಕ ಹೇಳಲಿಲ್ಲ!”

“ಸಾಕ ಮಾಡ್ರಿ,” ಎಂದು ಸಾತವ್ವ ನಡುವೆ ಬಂದಳು. “ಈಗ ಹೋಗಿ ಶಿದ್ರಾಮಪ್ಪಗ ಹೇಳ್ರಿ. ಪೆಟ್ಟಿಗಿ ತೆರದು ಆ ಒಂದು ತಗೊಂಡ ಬರ್ರಿ.”

“ಹರಿತ ಮಾಡಿದಾಂವ ಹೋಗಲಿ,” ಎಂದ ಮಗ.

“ಸುಳ್ಳ ಹೇಳಿದಾಂವ ಹೋಗಲಿ,” ಎಂದ ಅಪ್ಪ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಅಪ್ಪ ಮಗನ ಜಗಳಕ್ಕೆ ಅಂಥ ಗಡುವನ್ನು ಯಾರೂ ಇಟ್ಟಿಲ್ಲ. ದಿನಕ್ಕೊಂದು ನೆಪ ಹುಟ್ಟಿತು. ಹೋದರೆ ವ್ಯಾಪಾರಿಯ ಮುಂದೆ ತಲೆ ತಗ್ಗಿಸಬೇಕಲ್ಲ ಎಂದು ಇಬ್ಬರಿಗೂ ಒಳಗೊಳಗೇ ಸಂಕಟ. ಹತ್ತಿ ಅಂಗಿ ದಪ್ಪ ಇರುತ್ತದಂತೆ, ಏನೂ ಆಗುವುದಿಲ್ಲ ಎಂದು ಲಗಮಣ್ಣ ತನಗೆ ತಾನೇ ಹೇಳಿಕೊಂಡ. ನನ್ನ ಕತ್ತಿ ನೋಡಿದವನಿಗೆ ಹರಿತ ಯಾವುದು ಎಂದು ಗೊತ್ತಾಗದೇ ಇರುತ್ತದೆಯೇ ಎಂದು ಮುದಕಪ್ಪ ಹೇಳಿಕೊಂಡ. ಗೊತ್ತಾಗುವುದಿಲ್ಲ ಎಂದು ಅವನಿಗೇ ಗೊತ್ತಿತ್ತು. ಆರೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣಲಿ ಎಂದು ಅಷ್ಟು ಚಂದ ಉಜ್ಜಿದವನು ಅವನೇ.

ನಾಲ್ಕು ದಿನ ನೋಡಿದ ರುಕ್ಮವ್ವ ಐದನೆಯ ದಿನ ಕುಲುಮೆಗೆ ಬರಲಿಲ್ಲ. ಮುದಕಪ್ಪ ಇಕ್ಕಳ ಹಿಡಿದು ಕಾದ. ಬೆಂಕಿ ಬೂದಿಯಾಗತೊಡಗಿತು.

“ಸೊಸಿಗೆ ಹೇಳು, ತಿದಿ ಹಿಡಿ ಅಂತ,” ಎಂದು ಹೆಂಡತಿಗೆ ಕೂಗಿದ.

ಒಳಗಿನಿಂದ ರುಕ್ಮವ್ವ ಅತ್ತೆಗೆ ಹೇಳಿದ್ದು ಓಣಿಗೆಲ್ಲ ಕೇಳಿಸಿತು. “ಅತ್ತೀ, ಆ ಕತ್ತಿ ಮನಿಗೆ ಬರೂತನ ಈ ಕೈ ತಿದಿ ಊದಂಗಿಲ್ಲ. ನಾ ಊದಿದ ಬೆಂಕ್ಯಾಗ ಹುಟ್ಟಿದ್ದದು. ಯಾರದರೆ ಹೊಟ್ಟಿ ಹರದರ ಆ ಪಾಪದಾಗ ನನಗೂ ಪಾಲು ಐತಿ.”

“ಸೊಕ್ಕು ನೋಡು!” ಎಂದ ಮುದಕಪ್ಪ.

“ಸೊಕ್ಕಂದರ ಸೊಕ್ಕ. ರೊಟ್ಟಿ ಬಡೀತೀನಿ, ನೀರು ತರ್ತೀನಿ, ದನದ ಕಸಾ ಬಳೀತೀನಿ. ತಿದಿ ಊದಂಗಿಲ್ಲ.”

ಲಗಮಣ್ಣ ತಿದಿ ಹಿಡಿದರೆ ಸುತ್ತಿಗೆ ಎತ್ತುವವರಿಲ್ಲ. ಮುದಕಪ್ಪ ತಿದಿಯನ್ನೂ ಇಕ್ಕಳವನ್ನೂ ತಾನೇ ಹಿಡಿಯಲು ಹೋಗಿ, ಹುನ್ನೂರಿನ ಗಿರಮಲ್ಲಪ್ಪನ ಕುಳವನ್ನು ಸುಟ್ಟು ಕರಿಕು ಮಾಡಿದ. ಗಿರಮಲ್ಲಪ್ಪ ಕಂಬಳಿ ಕೊಡವಿ ಎದ್ದ. “ಏನೋ ಮುದಕಪ್ಪ, ಸೊಸಿ ಮುನಿಸಿಕೊಂಡರ ನನ್ನ ಹೊಲಾ ಯಾಕ ಉಪಾಸ ಕೆಡವತಿ?” ಎಂದು ನಗುತ್ತಲೇ ಹೇಳಿದ. ನಗುತ್ತಲೇ ಹೇಳಿದ್ದರಿಂದ ಅದು ಹೆಚ್ಚು ಚುಚ್ಚಿತು. ತುಕ್ಕು ಹಿಡಿದ ಕುಡುಗೋಲುಗಳು ಬಾಗಿಲಲ್ಲಿ ರಾಶಿ ಬಿದ್ದವು. ಮನೆಯಲ್ಲಿ ನಾಲ್ವರೂ ಬೇರೆ ಬೇರೆ ಹೊತ್ತಿಗೆ ಉಣ್ಣತೊಡಗಿದರು. ಸಾತವ್ವ ನಾಲ್ಕು ಸಲ ಬಡಿಸಿ ಬೇಸತ್ತು, ಒಂದು ದಿನ ರೊಟ್ಟಿಬುಟ್ಟಿಯನ್ನು ನಡುಮನೆಯಲ್ಲಿ ಕುಕ್ಕಿದಳು. “ಬೇಕಾದಾಂವ ತಿನ್ರಿ, ಬ್ಯಾಡಾದಾಂವ ಬಿಡ್ರಿ.”

ದಸರೆ ಸಮೀಪಿಸಿತು. ಬನಹಟ್ಟಿಯಿಂದ ನೂಲಿನ ಗಾಡಿಯೊಂದಿಗೆ ಬಂದವನೊಬ್ಬ, ಶಿದ್ರಾಮಪ್ಪನ ಲಾರಿಗೆ ನಾಳೆ ಗಂಟು ಹೇರುತ್ತಾರೆಂದು ಸುದ್ದಿ ಹೇಳಿದ. ಅಪ್ಪ ಮಗನ ಮುಖ ನೋಡಿದ, ಮಗ ಅಪ್ಪನ ಮುಖ ನೋಡಿದ, ಇಬ್ಬರೂ ಸೂರು ನೋಡಿದರು.

ಮರುದಿನ ಬೆಳಿಗ್ಗೆ ಮುದಕಪ್ಪ ನೀರು ಕೇಳಿದಾಗ ಸಾತವ್ವನೇ ತಂಬಿಗೆ ತಂದಳು.

“ಆಕಿ ಎಲ್ಲಿ?”

“ಬನಹಟ್ಟಿಗೆ ಹೋಗ್ಯಾಳ. ಮೊದಲನೇ ಬಸ್ಸಿಗೆ.”

“ಯಾರನ್ನ ಕೇಳಿ ಹೋದಳು?”

“ನನ್ನ ಕೇಳಿ. ಬಸ್ಸಿನ ರೊಕ್ಕಾನೂ ನಾನ ಕೊಟ್ಟೇನಿ.” ಸಾತವ್ವ ತಂಬಿಗೆಯನ್ನು ನೆಲಕ್ಕೆ ಕುಕ್ಕಿದಳು. “ಈ ಮನ್ಯಾಗ ಗಂಡಸರು ಇಬ್ಬರು ಅದಾರಂತ ಇಷ್ಟು ದಿನಾ ತಿಳಕೊಂಡಿದ್ದೆ. ಬೈಯೂದಿದ್ದರ ನನ್ನ ಬೈರಿ, ಹಾದ್ಯಾಗ ಬೈಕೋತ ಹೋಗ್ರಿ. ಮುಂದಿನ ಬಸ್ಸು ತಪ್ಪೀತು.”

ಮದುವೆಯಾದಂದಿನಿಂದ ಸಾತವ್ವ ಹೀಗೆ ಮಾತನಾಡಿದ್ದಿಲ್ಲ. ಮುದಕಪ್ಪ ರುಮಾಲು ಸುತ್ತಿಕೊಂಡ. ಲಗಮಣ್ಣ ಚಪ್ಪಲಿ ಮೆಟ್ಟಿಕೊಂಡ. ಬಸ್ಸಿನಲ್ಲಿ ಒಬ್ಬ ಮುಂದೆ, ಒಬ್ಬ ಹಿಂದೆ ಕುಳಿತು ಬನಹಟ್ಟಿ ಮುಟ್ಟಿದರು.

ಶಿದ್ರಾಮಪ್ಪನ ಅಂಗಳದ ತುಂಬ ಜನ. ಮಗ್ಗ ಬಿಟ್ಟು ಬಂದ ನೇಕಾರರು, ಹಮಾಲರು, ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸರು. ರಬಕವಿಯಿಂದಲೂ ಕೆಲವರು ಬಂದಿದ್ದರು, ರುಕ್ಮವ್ವನನ್ನು ಚಿಕ್ಕಂದಿನಲ್ಲಿ ಪರಕರದಲ್ಲಿ ಕಂಡವರು. ಲಾರಿಯಲ್ಲಿ ಸೀರೆಯ ಗಂಟುಗಳು ಗೋಪುರವಾಗಿದ್ದವು. ಲಾರಿಯ ಹಿಂದೆ ನೆಲದ ಮೇಲೆ ಬೇವಿನ ಹಲಗೆಯ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ರುಕ್ಮವ್ವ, ಕಾಲು ಮಡಿಚಿ, ಸೆರಗು ಬಿಗಿದು ಕುಳಿತಿದ್ದಳು.

“ತೆರದು ತೋರಿಸ್ರಿ ಅಂದೆ. ಹೆಂಗಸರ ಮಾತಿಗೆ ಮಾಲು ತೆರಿಯಂಗಿಲ್ಲ ಅಂದರು,” ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. “ಅದಕ್ಕ ಕುಂತೇನಿ. ನನ್ನ ಎತ್ತಿ ಒಗದು ಒಯ್ಯಲಿ.”

ಯಾರು ಎತ್ತಿ ಒಗೆಯಬೇಕು? ಪರರ ಹೆಂಡತಿಯ ಮೈಗೆ ಕೈ ಹಚ್ಚುವ ಹಮಾಲ ಬನಹಟ್ಟಿಯಲ್ಲಿ ಹುಟ್ಟಿರಲಿಲ್ಲ. ಡ್ರೈವರ್ ಭೋಂ ಭೋಂ ಎಂದು ಹಾರ್ನ್ ಒತ್ತುತ್ತಿದ್ದ. ಶಿದ್ರಾಮಪ್ಪನ ಮುಖ ಕೆಂಪಾಗಿತ್ತು.

“ಬಂದಿ? ಛಲೋ ಆತು ಮುದಕಪ್ಪ!” ಎಂದು ಅವನು ಓಡಿಬಂದ. “ನಿನ್ನ ಸೊಸೀನ ಮೊದಲ ಇಳಿಸಗೊ ಮಾರಾಯಾ. ಹೆಂಗಸಂತ ಕೈ ಕಟಗೊಂಡು ನಿಂತೇವಿ. ಗಂಡಸಾಗಿದ್ದರ ಇಷ್ಟೊತ್ತಿಗೆ ರಸ್ತಾದಾಗ ಬಿದ್ದಿರತಿದ್ದ.”

ಜನ ದಾರಿ ಬಿಟ್ಟರು. ಮುದಕಪ್ಪ ಪೆಟ್ಟಿಗೆಯ ಮುಂದೆ ಬಂದು ನಿಂತ. ರುಕ್ಮವ್ವ ಸೆರಗು ಮುಂದಕ್ಕೆಳೆದುಕೊಂಡಳು, ಆದರೆ ಏಳಲಿಲ್ಲ. ಅತ್ತೆ ಅಲ್ಲಿರಲಿಲ್ಲ, ತಿದಿ ಇರಲಿಲ್ಲ. ನೇರವಾಗಿ ಮಾವನ ಮುಖ ನೋಡಿಯೇ ಹೇಳಿದಳು.

“ಮಾವಾರ, ನಾ ಇಳಿಯಂಗಿಲ್ಲ. ಆಟ ಅಂತ ತಿಳದು ಯಾವದೋ ತಾಯಿ ಮಗಾ ಈ ಕತ್ತೀಗೆ ಮೈ ಕೊಡ್ತಾನ. ಬೈರಿ, ತವರಿಗೆ ಅಟ್ಟರಿ, ಅದೂ ಇಲ್ಲೇ ಐತಿ, ನಡಕೋತ ಹೋಗ್ತೀನಿ. ಪೆಟ್ಟಿಗಿ ತೆರಿಯೂತನ ಇಳಿಯಂಗಿಲ್ಲ.”

ಮುದಕಪ್ಪ ಅವಳನ್ನು ನೋಡಿದ. ನಾಚಿಕೆ ಎಂಬುದು ಅವನ ಕಿವಿಯ ತನಕ ಏರಿತು. ಅದು ಸೊಸೆಯಿಂದ ಬಂದ ನಾಚಿಕೆಯಲ್ಲ ಎಂಬುದು ಅವನಿಗೆ ಅಲ್ಲೇ, ಅಷ್ಟು ಜನರ ನಡುವೆಯೇ ತಿಳಿಯಿತು.

“ಅತ್ತಾಗ ಸರದು ಕುಂಡರು,” ಎಂದ.

ಅವಳು ಗಾಬರಿಯಾಗಿ ಸರಿದಳು. ಮುದಕಪ್ಪ ಧೋತರ ಮೇಲೆತ್ತಿಕೊಂಡು ಅದೇ ಪೆಟ್ಟಿಗೆಯ ಮೇಲೆ, ಸೊಸೆಯ ಪಕ್ಕದಲ್ಲಿ ಕುಳಿತ. ನೆರೆದ ಹೆಂಗಸರು ಅಯ್ಯ ಶಿವನೇ ಎಂದು ಬಾಯಿಗೆ ಸೆರಗು ಹಿಡಿದರು.

“ಈಗ ಇಳಿಸು, ಶಿದ್ರಾಮಪ್ಪ. ನಾ ಹೆಂಗಸಲ್ಲ. ಕೈ ಹಚ್ಚಾಕ ಅಡ್ಡಿಯಿಲ್ಲ.”

“ನಿನಗೇನ ಹುಚ್ಚು ಹಿಡದೈತೇನೋ?”

“ಆರನೇದ್ದಕ್ಕ ಸಾಣಿ ಹಿಡದಾಂವ ನಾ. ಕಳವಿಲೆ ಹಿಡದೇನಿ. ಆಕಿ ಹೇಳಿದ್ದು ಖರೆ ಐತಿ.” ಮುದುಕ ಕೂಗಿಯೇ ಹೇಳಿದ. ಹೇಳುವುದಿದ್ದರೆ ಎಲ್ಲರಿಗೂ ಕೇಳಲಿ ಎಂಬಂತಿತ್ತು.

ಶಿದ್ರಾಮಪ್ಪ ಹಲ್ಲು ಕಡಿದ. “ಈ ಸುದ್ದಿ ಮುಂಬಯಿಗೆ ಹೋದರ ಇನ್ನೊಂದು ಕತ್ತಿ ಕೆಲಸಾ ನಿನಗ ಬರಂಗಿಲ್ಲ. ಜೀವ ಇರೂತನ ಕುಡಗೋಲು ಬಡಕೋತ ಕುಂಡರತಿ.”

ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಆದರೂ ಮುದಕಪ್ಪ ಏಳಲಿಲ್ಲ.

“ಬಡಕೋತ ಕುಂಡರತೀನಿ. ತೆರಿ ಪೆಟ್ಟಿಗಿ.”

“ಲಗಮಣ್ಣಾ, ನೀನರೆ ಹೇಳೋ ನಿಮ್ಮಪ್ಪಗ!”

ಲಗಮಣ್ಣ ಅಲ್ಲಿಯತನಕ ಲಾರಿಯ ಗಾಲಿಯ ಹತ್ತಿರ ನಿಂತಿದ್ದ. ಶಿದ್ರಾಮಪ್ಪನ ಕಡೆ ಒಮ್ಮೆ, ಪೆಟ್ಟಿಗೆಯ ಕಡೆ ಒಮ್ಮೆ ನೋಡಿದ. ಆಮೇಲೆ ಹಮಾಲನ ಕೈಯಿಂದ ಹಾರೆಯನ್ನು ಕಸಿದುಕೊಂಡು ಬಂದ.

“ಸುಳ್ಳ ಹೇಳಿದಾಂವ ನಾ, ಸಾವಕಾರ. ಮೊಳಿ ಬಡದಾಂವನೂ ನಾನ. ಏಳಪಾ.”

“ನನಗೇನ ಹೇಳತಿ?” ಮುದಕಪ್ಪ ಕದಲಲಿಲ್ಲ. “ಮೊದಲ ಕುಂತಾಕಿ ಆಕಿ. ಆಕೀನ ಕೇಳು.”

ಅಷ್ಟು ಜನರ ಮುಂದೆ, ಹಾರೆ ಹಿಡಿದುಕೊಂಡು, ಲಗಮಣ್ಣ ಹೆಂಡತಿಯ ಎದುರು ನಿಂತ.

“ಏಳತಿಯೇನು?”

“ಆರನೇದ್ದ ತಗದು ನನ್ನ ಕೈಯಾಗ ಕೊಡ್ತೀರೇನು?”

“ಕೊಡ್ತೀನಿ.”

ರುಕ್ಮವ್ವ ಆಗ ಎದ್ದಳು.